ಏಳು ಕಡೆ ಸೋರಿದ ಲಾರಿ

ಮಲಪ್ರಭೆಯ ದಂಡೆಯಲ್ಲಿ ಅಡವಯ್ಯಜ್ಜನ ಮಠ. ಮಠ ಅಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಗದ್ದುಗೆ, ಒಂದು ಅಡುಗೆಮನೆ, ಮತ್ತು ಯಾರೋ ಭಕ್ತರು ತಮಗೆ ಸಾಕಾಗಿ ದಾನ ಕೊಟ್ಟ ಒಂದು ಹಳೇ ಲಾರಿ.

ಲಾರಿ ಕಟ್ಟಿಗೆ ತರುತ್ತಿತ್ತು, ಜೋಳದ ಚೀಲ ತರುತ್ತಿತ್ತು. ನಿಂತಲ್ಲೆಲ್ಲ ಎಣ್ಣೆಯ ಗುರುತು ಬಿಟ್ಟು ಬರುತ್ತಿತ್ತು.

ಅದನ್ನು ಓಡಿಸುವವನು ದ್ಯಾಮಣ್ಣ. ಇಪ್ಪತ್ತೆರಡು ವರ್ಷ ಊರೂರು ಲಾರಿ ಹೊಡೆದು, ಎರಡು ವರ್ಷದ ಹಿಂದೆ ಮಠ ಸೇರಿದವನು. ಬಂದ ದಿನವೇ ಅಜ್ಜನಿಗೆ ಹೇಳಿಬಿಟ್ಟಿದ್ದ.

“ನನಗೊಬ್ಬ ತಮ್ಮ ಅದಾನ್ರಿ. ಅವನ ಹೆಸರು ನನ್ನ ನಾಲಿಗಿ ಮ್ಯಾಲ ಬರಬಾರದು. ಅದ ನನ್ನ ವ್ರತ.”

ಅಜ್ಜ “ಹೂಂ” ಅಂದಿದ್ದರು, ಅಷ್ಟೇ.

ಮನುಷ್ಯ ಒಳ್ಳೆಯವನೇ. ಆದರೆ ಸಾರಿಗೆ ಉಪ್ಪು ಕಡಿಮೆಯಾದರೆ ಅಡುಗೆಯ ನೀಲವ್ವನ ಮೇಲೆ ಹರಿಹಾಯುತ್ತಿದ್ದ. ಹಗ್ಗ ಗಂಟಾದರೆ ಆಕಳನ್ನು ಬೈಯುತ್ತಿದ್ದ. ಭಜನೆಯ ನಡುವೆ ಸುಮ್ಮಸುಮ್ಮನೆ ಬಿಕ್ಕಿ ಅಳುತ್ತಿದ್ದ. ಯಾಕೋ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಅಜ್ಜನ ಕಾಲು ಹಿಡಿದ.

“ಅಜ್ಜಾರ, ನನಗ ದೀಕ್ಷಾ ಕೊಡ್ರಿ.”

ಅಜ್ಜನಿಗೆ ಎಂಬತ್ತು ದಾಟಿತ್ತು. ಬರುವ ಹುಣ್ಣಿಮೆಯೇ ಕೊನೆ, ಆಮೇಲೆ ಯಾರಿಗೂ ದೀಕ್ಷೆ ಕೊಡುವುದಿಲ್ಲ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಹುಣ್ಣಿಮೆಗೆ ಹದಿನೆಂಟು ದಿನ ಉಳಿದಿತ್ತು.

ಅಜ್ಜ ಲಾರಿಯ ಕಡೆ ಬೆರಳು ಮಾಡಿದರು.

“ಅದು ಎಲ್ಲಿಂದ ಸೋರತೈತಿ ತೋರಸು. ಆಮ್ಯಾಲ ದೀಕ್ಷಾ.”

ಎಲ್ಲಿಯ ಲಾರಿ, ಎಲ್ಲಿಯ ದೀಕ್ಷೆ! ದ್ಯಾಮಣ್ಣನಿಗೆ ಒಳಗೊಳಗೇ ನಗು ಬಂತು. ಇದು ನೀರು ಕುಡಿದಷ್ಟು ಸಲೀಸು ಅಂದುಕೊಂಡ.

ಅವತ್ತೇ ಲಾರಿಯ ಕೆಳಗೆ ಅಂಗಾತ ಮಲಗಿ ನೋಡಿದ. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯಿರುತ್ತದೆ, ಅದಕ್ಕೆ ಚೇಂಬರ್ ಅನ್ನುತ್ತಾರೆ. ಹನಿ ಅದರ ಅಂಚಿನಿಂದ ಬೀಳುತ್ತಿತ್ತು. ಎಣ್ಣೆ ಇಳಿಸಿ, ಚೇಂಬರ್ ಬಿಚ್ಚಿ, ಸಂದಿ ಮುಚ್ಚುವ ಹೊಸ ಪ್ಯಾಕಿಂಗ್ ಕೂರಿಸಿ, ಬೋಲ್ಟು ಬಿಗಿದ.

“ಚೇಂಬರಿಂದ್ರಿ ಅಜ್ಜಾರ. ಬಂದ್ ಮಾಡೇನಿ.”

“ಬಂದ್ ಮಾಡು ಅಂದ್ನೇನು ನಾ? ತೋರಸು ಅಂದೆ.”

ಎರಡಕ್ಕೂ ಏನು ಫರಕು ಎಂಬುದು ದ್ಯಾಮಣ್ಣನಿಗೆ ಹೊಳೆಯಲಿಲ್ಲ. ಬೆಳಗಾಗುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಹನಿ ಬಿದ್ದಿತ್ತು. ಸಿಟ್ಟಿನಲ್ಲಿ ಇನ್ನಷ್ಟು ಬಿಗಿದ. ಒಂದು ಬೋಲ್ಟಿನ ಕತ್ತೇ ಮುರಿಯಿತು.

ಅಜ್ಜ ಹೊಳೆಯಲ್ಲಿ ಸ್ನಾನಕ್ಕೆ ಇಳಿದಿದ್ದರು. ದ್ಯಾಮಣ್ಣ ದಂಡೆಯಲ್ಲಿ ಹೋಗಿ ನಿಂತ.

“ಮತ್ತ ಚೇಂಬರಿನಿಂದನ ಬೀಳಾಕತ್ತೈತ್ರಿ.”

ಅಜ್ಜ ಬೊಗಸೆ ತುಂಬ ನೀರು ತಲೆಯ ಮೇಲೆ ಸುರುವಿಕೊಂಡು, ಕೈ ಮಡಚಿ ನಿಂತರು. ನೀರು ಹೆಗಲಿನಿಂದ ತೋಳಿಗೆ ಇಳಿದು ಮೊಣಕೈಯಿಂದ ತೊಟ್ಟಿಕ್ಕಿತು.

“ಎಲ್ಲಿಂದ ಸೋರಾಕತ್ತೈತಿ?”

“ಮೊಣಕೈಯಿಂದ್ರಿ.”

“ಹಂಗಾರ ಮೊಣಕೈಗೆ ಪ್ಯಾಕಿಂಗ್ ಹಾಕು.”

ದ್ಯಾಮಣ್ಣ ಬೆಪ್ಪಾದ. ಆದರೆ ಡ್ರೈವರಿಕೆ ಮಾಡಿದವನು, ಮೇಲೆ ನೋಡಬೇಕು ಎಂಬಷ್ಟು ತಿಳಿಯಿತು. ಬಾನೆಟ್ ಎತ್ತಿದ. ಇಂಜಿನ್ನಿನ ನೆತ್ತಿಯ ಮುಚ್ಚಳ ಎಣ್ಣೆಯಿಂದ ಒದ್ದೆಯಾಗಿತ್ತು. ಅದರ ಪ್ಯಾಕಿಂಗ್ ಬದಲಿಸಿದ. ಅದು ನಿಂತಿತು, ಮುಂಭಾಗದ ಆಯಿಲ್ ಸೀಲು ಸೋರಲು ಶುರುವಾಯಿತು. ಅದನ್ನು ಬದಲಿಸಿದ, ಫಿಲ್ಟರಿನ ಸಂದಿ ಶುರುವಾಯಿತು. ಅದನ್ನು ಮುಚ್ಚಿದ, ಮುಚ್ಚಳ ಮತ್ತೆ ಬಾಯಿ ಬಿಟ್ಟಿತು.

ಹತ್ತು ದಿನ ಹೀಗೇ ಹೋಯಿತು. ಅಮಾವಾಸ್ಯೆ ದಾಟಿ ಚಂದ್ರ ದಿನದಿನಕ್ಕೆ ತುಂಬುತ್ತಿದ್ದ, ದ್ಯಾಮಣ್ಣ ದಿನದಿನಕ್ಕೆ ಇಳಿಯುತ್ತಿದ್ದ. ಹೊಸ ಸಾಮಾನು ಹಾಕಿದರೂ ಯಾಕೆ ಸೋರಬೇಕು? ಸರಿಮಾಡಿದಷ್ಟೂ ಯಾಕೆ ಕೆಡಬೇಕು? ತಲೆಯೆಲ್ಲ ಕಲಸುಮೇಲೋಗರ.

“ನನಗ ಏನೂ ತಿಳಿವಲ್ದ್ರಿ ಅಜ್ಜಾರ.”

ಅಜ್ಜ ಒಂದು ವಿಭೂತಿ ಗಟ್ಟಿ ಕೊಟ್ಟರು. “ಲಾರಿಗೆ ಹಚ್ಚು.”

ದ್ಯಾಮಣ್ಣನ ಕಣ್ಣಲ್ಲಿ ನೀರು ಬಂತು. ಕೊನೆಗೂ ಅಜ್ಜನ ಕೃಪೆಯಾಯಿತು! ಹೊಳೆಯಲ್ಲಿ ಮುಳುಗೆದ್ದು ಬಂದು, ಒದ್ದೆ ಮೈಯಲ್ಲೇ ಲಾರಿಯ ಮೂತಿಗೆ ಮೂರು ಬೆರಳಿನ ಅಡ್ಡ ವಿಭೂತಿ ಎಳೆದ. ಕಾಯಿ ಒಡೆದ. ಉದ್ದಕ್ಕೆ ಮಲಗಿ ಹಾಕುವ ದೀಡ ನಮಸ್ಕಾರ ಒಂದು ಬಾಕಿ.

ಮರುದಿನ ಎಂದಿಗಿಂತ ಎರಡು ಹನಿ ಹೆಚ್ಚೇ ಬಿದ್ದಿದ್ದವು.

ಅಜ್ಜ ಬಂದು ಲಾರಿಯ ಹಣೆ ನೋಡಿದರು. ಕೆಮ್ಮು ಬರುವ ತನಕ ನಕ್ಕರು.

“ನಿನಗಿಂತ ಮೊದಲ ಲಾರಿಗೇ ದೀಕ್ಷಾ ಆತಲ್ಲೋ! ಮಖಕ್ಕ ಹಚ್ಚಿದ್ರ ಒಳಗಿಂದು ಕಾಣತೈತೇನು? ಇಂಜಿನ್ ತೊಳಿ. ಇದನ್ನ ಪುಡಿ ಮಾಡಿ ಅದರ ಮೈತುಂಬ ಉದುರಸು. ಹಸಿ ಎಲ್ಲಿ ಮೂಡತೈತಿ ನೋಡು.”

ದ್ಯಾಮಣ್ಣ ಡೀಸೆಲ್‌ನಲ್ಲಿ ಇಂಜಿನ್ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ವಿಭೂತಿ ಪುಡಿ ಉದುರಿಸಿದ. ಕರೀ ಇಂಜಿನ್ ಬೆಳ್ಳಗಾಯಿತು. ಸ್ಟಾರ್ಟ್ ಮಾಡಿ ಕಣ್ಣಿಟ್ಟು ಕೂತ.

ಮುಚ್ಚಳದ ಬಲಗಡೆ ಕಪ್ಪಗೆ ಒಂದು ಚುಕ್ಕೆ ಮೂಡಿತು. ಸಿಕ್ಕಿತು ಅಂದುಕೊಂಡ. ಅಷ್ಟರಲ್ಲಿ ಎಡಗಡೆ ಇನ್ನೊಂದು. ಮುಂದೆ ಒಂದು, ಹಿಂದೆ ಒಂದು. ನೋಡನೋಡುತ್ತ ಏಳು ಕಡೆ ಹಸಿ ಮೂಡಿತು.

ಕೈಯಲ್ಲಿದ್ದ, ಬೋಲ್ಟು ಬಿಗಿಯುವ ಪಾನಾ ಬೀಸಿ ಒಗೆದ. ಅದು ಹೋಗಿ ನೀಲವ್ವನ ಹಂಡೆಗೆ ಬಡಿಯಿತು.

“ನನ್ನ ಹಂಡೆ ನಿನಗೇನು ಮಾಡಿತ್ತೋ ತಮ್ಮಾ?” ಎಂದಳು ನೀಲವ್ವ.

ದ್ಯಾಮಣ್ಣ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಹುಣ್ಣಿಮೆಗೆ ಮೂರೇ ದಿನವಿತ್ತು.

ಅಜ್ಜ ಪಕ್ಕದಲ್ಲಿ ಬಂದು ಕೂತರು.

“ನೀ ಮಠಕ್ಕ ಬಂದಾಗ ಇದು ಎಷ್ಟು ಕಡೆ ಸೋರತಿತ್ತು?”

“ಒಂದ ಕಡೆ ರಿ. ಬಾಜೂಕ ಒಂದು ಸಣ್ಣ ಕೊಳವಿ ಐತಿ. ಅದರಿಂದ ಒಂದೆರಡು ಹನಿ, ಒಂದೀಟು ಹೊಗಿ. ಗದ್ದಿಗಿ ಮುಂದಿನ ಕಲ್ಲಿಗೆ ಎಣ್ಣಿ ಕಲಿ ಬೀಳತಿತ್ತು, ನನಗ ನಾಚಿಕಿ ಬಂತು. ಬಂದ ವಾರದಾಗ ಕಟಗಿ ಬೆಣಿ ಹೊಡದು ಮುಚ್ಚಿಬಿಟ್ಟೆ.”

“ಆ ಕೊಳವಿ ಯಾತಕ್ಕ ಇರತೈತಿ?”

“ಇಂಜಿನ್ ಉಸರ ಬಿಡಾಕ್ರಿ…”

ಹೇಳಿದವನು ಹಾಗೇ ಬಾಯಿ ತೆರೆದುಕೊಂಡು ಉಳಿದ.

ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನಿಗೆ ಗೊತ್ತಿರದ ಮಾತೇ? ಇಂಜಿನ್ನಿನೊಳಗೆ ತುಂಬುವ ಹಬೆಗೆ ಹೊರಗೆ ಹೋಗಲು ಅದೊಂದೇ ದಾರಿ. ಅದು ಕಟ್ಟಿದರೆ ಒಳಗಿನ ಒತ್ತಡ ಇದ್ದಬದ್ದ ಸಂದಿಯಿಂದೆಲ್ಲ ಎಣ್ಣೆಯನ್ನು ನೂಕುತ್ತದೆ. ಎರಡು ವರ್ಷದಿಂದ ಕಣ್ಣೆದುರೇ ಇದ್ದ ಬೆಣೆ ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಇಕ್ಕಳ ಹಾಕಿ ಎಳೆದ. ಬೆಣೆ ಕಿತ್ತು ಬಂದದ್ದೇ ಫುಸ್ಸೆಂದು ಕರೀ ಎಣ್ಣೆ ಮುಖಕ್ಕೆಲ್ಲ ಸಿಡಿಯಿತು. ದ್ಯಾಮಣ್ಣ ಒರೆಸಿಕೊಳ್ಳದೆ ನಗತೊಡಗಿದ.

ಮುರಿದ ಬೋಲ್ಟು ಬದಲಿಸಿ, ಮತ್ತೆ ತೊಳೆದು, ಮತ್ತೆ ವಿಭೂತಿ ಉದುರಿಸಿ, ಜೋಳದ ಚೀಲ ತರಲು ಹೋಗಿಬಂದ. ಏಳೂ ಕಡೆ ಪುಡಿ ಒಣಗಿಯೇ ಇತ್ತು. ಕೊಳವೆಯಿಂದ ಮಾತ್ರ ಆಗೊಂದು ಈಗೊಂದು ಹನಿ. ಅದರ ಕೆಳಗೆ ಒಂದು ಡಬ್ಬಿ ಕಟ್ಟಿದ.

ಹುಣ್ಣಿಮೆಯ ಬೆಳಿಗ್ಗೆ ಮಡಿಯುಟ್ಟು ಅಜ್ಜನ ಮುಂದೆ ಕೂತ. ಅಜ್ಜನ ತೊಡೆಯ ಮೇಲೆ ಕಾವಿ ಬಟ್ಟೆ ಮಡಚಿ ಇತ್ತು.

“ಸಿಕ್ತೇನು?”

“ಸಿಕ್ತ್ರಿ. ನಾನ ಮುಚ್ಚಿದ್ದೆ, ನಾನ ತಗದೆ.”

“ನಿನ್ನ ತಮ್ಮನ ಹೆಸರೇನು?”

ದ್ಯಾಮಣ್ಣನ ಮುಖದ ನಗು ಹಾರಿಹೋಯಿತು. ಇದೇನು ಈಗ, ಇಲ್ಲಿ? “ಅದನ್ನ ಕೇಳಬ್ಯಾಡ್ರಿ ಅಜ್ಜಾರ. ನನ್ನ ವ್ರತ ಐತಿ.”

ಅಜ್ಜ ಕಾವಿ ಬಟ್ಟೆಯ ಮಡಿಕೆ ಸರಿಮಾಡುತ್ತ ಕೂತರು. ಹೊಳೆಯ ಕಡೆಯಿಂದ ಗಾಳಿ ಬಂತು, ಹೋಯಿತು. ದ್ಯಾಮಣ್ಣ ಆ ಬಟ್ಟೆಯನ್ನೇ ನೋಡಿದ.

“ಅಂದಾನೆಪ್ಪ,” ಎಂದ.

ಹೆಸರು ಬಂದದ್ದೇ ಅದರ ಹಿಂದೆ ಉಳಿದದ್ದೆಲ್ಲ ಬಂತು.

“ಅವ್ವ ಸತ್ತಾಗ ಅವ ನನಗ ಕಾಯಲಿಲ್ರಿ! ನಾ ಬರೂದ್ರಾಗ ಮಣ್ಣು ಮಾಡಿ ಮುಗಿಸಿದ್ದ. ಅವ್ವನ ಮಖಾ ಸೈತ ನನಗ ಸಿಗಲಿಲ್ಲ. ಮಂದಿ ಮುಂದ ಅವನ ಕಪಾಳಕ್ಕ ಹೊಡದೆ. ಇವತ್ತಿನಿಂದ ನೀ ನನ್ನ ತಮ್ಮ ಅಲ್ಲ ಅಂದೆ. ಹನ್ನೊಂದು ವರ್ಷ ಆತು.”

“ಅವ ಎಷ್ಟು ಹೊತ್ತು ಕಾದಿದ್ದ?”

“ಒಂದು ಹಗಲು, ಒಂದು ರಾತ್ರಿ.”

“ನಿನಗ ಸುದ್ದಿ ಯಾವಾಗ ಮುಟ್ಟಿತ್ತು?”

ದ್ಯಾಮಣ್ಣ ನೆಲ ನೋಡಿದ. ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ.

“ಅವ್ವ ಸಾಯೂ ಎರಡು ದಿನ ಮೊದಲ. ಅವ್ವಗ ಜಡ್ಡು ಜೋರಾಗೇತಿ, ಹೊಂಟು ಬಾ ಅಂತ ಅವನೇ ಫೋನ್ ಮಾಡಿದ್ದ. ಅವ್ವ ಯಾವಾಗೂ ಹಂಗ ಮಲಗತಿದ್ಲು, ಮತ್ತ ಏಳತಿದ್ಲು. ಲೋಡ್ ಇಳಿಸಿ ಹೋದ್ರಾತು ಅಂದ್ಕೊಂಡೆ.”

ನಾಚಿಕೆಗೆ ಅವನ ತಲೆ ಮೇಲೇಳಲಿಲ್ಲ. ಅತ್ತ. ಈ ಸಲ ಯಾಕೆ ಅಳುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು.

ಅಳು ಮುಗಿಯುವ ತನಕ ಅಜ್ಜ ಕಾದರು.

“ಅಂದಾನೆಪ್ಪನ ಊರು ದೂರೇನು?”

“ಕೊಪ್ಪಳದ ಆಚಿ ರಿ. ಈ ಲಾರಿಯೊಳಗ ಹೋಗಿ ಬರೂದಂದ್ರ ನಾಳೆ ಸಂಜಿ ಆಗತೈತಿ.”

“ಈಗ ಹೊಂಡು.”

ದ್ಯಾಮಣ್ಣ ಕಂಗಾಲಾದ. “ಇವತ್ತ ಹುಣ್ಣಿಮಿ ಐತ್ರಿ ಅಜ್ಜಾರ!”

“ಗೊತ್ತೈತಿ.”

“ನಾಳಿಂದ ನೀವು ಯಾರಿಗೂ ಕೊಡಂಗಿಲ್ಲಲ್ರಿ?”

“ಕೊಡಂಗಿಲ್ಲ.”

“ಹಂಗಾರ ನನಗ ದೀಕ್ಷಾ ಯಾರು ಕೊಡಬೇಕ್ರಿ?”

“ನನಗ ನನ್ನ ತಮ್ಮ ಕೊಟ್ಟ,” ಎಂದರು ಅಜ್ಜ. “ಮಾತು ಬಿಟ್ಟ ಎಷ್ಟೋ ವರ್ಷಕ್ಕ ಅವನ ಮನಿಗೆ ಹೋದೆ. ಬಾಗಲಾ ತಗದಾವನ ಮೊದಲ ನನ್ನ ಕಪಾಳಕ್ಕ ಒಂದು ಬಿಟ್ಟ. ಆಮ್ಯಾಲ ಕಾಲು ತೊಳಕೊಳ್ಳಾಕ ಒಂದು ಚರಿಗಿ ನೀರು ಕೊಟ್ಟ.”