ಮೂರನೇ ಮಹಡಿಯ ಗಿಳಿ ಮತ್ತು ಕೆಳಗಿಳಿದ ತಂತಿ

ಮೂರನೇ ಮಹಡಿಯ ಗಿಳಿ ದಿನವೂ ಮೊಬೈಲ್ ನೋಡಿ ಹೊಸ ಹಾಡು ಕಲಿಯುತ್ತಿತ್ತು. ಒಂದು ಮಧ್ಯಾಹ್ನ ಹಾಡು ನಡುನಡುವೆ ನಿಲ್ಲತೊಡಗಿತು. ಕಿಟಕಿಯಾಚೆ ನೋಡಿದರೆ, ಇಂಟರ್ನೆಟ್ ತಂತಿ ನೆಲಮಹಡಿಯವರೆಗೂ ಇಳಿದಿತ್ತು. ಅಲ್ಲಿ ಬೆಕ್ಕು ಮೀನಿನ ವಿಡಿಯೋ ನೋಡುತ್ತ ಕುಳಿತಿತ್ತು.

“ನನ್ನ ಇಂಟರ್ನೆಟ್ಟನ್ನು ಆ ಕಳ್ಳಿ ಕೆಳಗೆ ಎಳೆದುಕೊಂಡಿದ್ದಾಳೆ! ಅಳಿಲಣ್ಣ, ಈ ತಂತಿ ಕಡಿದುಹಾಕು,” ಎಂದಿತು ಗಿಳಿ, ಕಿಟಕಿಯ ಬಳಿ ಕುಳಿತಿದ್ದ ಅಳಿಲಿಗೆ.

“ಬೆಕ್ಕನ್ನು ಒಂದು ಮಾತು ಕೇಳೋಣವೇ?” ಎಂದಿತು ಅಳಿಲು.

“ಕೆಳಗಿನವರನ್ನು ನಾನು ಕೇಳುವುದೇ?”

ಅಳಿಲಿಗೂ ಹಲ್ಲು ತುರಿಸುತ್ತಿತ್ತು. ಕಟಕ್ಕನೆ ಕಡಿಯಿತು. ಗಿಳಿಯ ಹಾಡು ಪೂರ್ತಿ ನಿಂತುಹೋಯಿತು.

ಕೆಳಗಿನಿಂದ ಬೆಕ್ಕು ಕೂಗಿತು: “ಗಿಳಿಯಮ್ಮ, ನಮ್ಮ ಮನೆಯಿಂದ ನಿನಗೆ ಕೊಟ್ಟಿದ್ದ ತಂತಿ ತುಂಡಾಗಿದೆ ಕಣೇ! ನನ್ನ ಮೀನುಗಳು ಮಾತ್ರ ಈಗ ಎಲ್ಲೂ ನಿಲ್ಲದೆ ಈಜುತ್ತಿವೆ.”