ಕಂಬಳಿ ಮಾರುವವನೂ ಮಾತಿನ ಬಾವಿಯೂ

“ಬುದ್ಧಿ, ನನ್ನ ಪರವಾಗಿ ಇನ್ನೊಂದು ಯಾವುದೋ ಬರೆದುಕೊಟ್ಟ ಮಾತು ಸುಳ್ಳಾಗುತ್ತದೆಯೇ?”

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಮೃತ್ಯುಂಜಯ. ಕಸುಬಿನಲ್ಲಿ ಜೀವವಿಮೆಯ ಏಜೆಂಟ್. ಮೃತ್ಯುಂಜಯನೇ ಬಾಗಿಲಿಗೆ ಬಂದು ಸಾವಿನ ಮಾತಾಡಿದರೆ ಯಾರು ತಾನೇ ಒಳಗೆ ಕರೆದು ಕೂರಿಸಿಯಾರು ಎಂದು ಗೆಳೆಯರು ಛೇಡಿಸುವುದಿತ್ತು. ಅವನೂ ಅವರ ಜೊತೆಗೇ ನಕ್ಕುಬಿಡುತ್ತಿದ್ದ. ನಗದೆ ಮಾಡುವುದೇನು, ಮಾತು ನಿಜವೇ ಆಗಿತ್ತಲ್ಲ.

ಮಠದಲ್ಲಿ ದಾಸೋಹ ಮುಗಿದಿತ್ತು. ಉಂಡವರೆಲ್ಲ ನೆರಳು ಹುಡುಕಿಕೊಂಡು ಒರಗಿದ್ದರು. ಸ್ವಾಮಿಗಳು ಮಾತ್ರ ಹೊಂಗೆಮರದ ಕೆಳಗೆ ಕೂತು, ಮೊರದಲ್ಲಿ ನಾಳೆಯ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

“ಯಾವುದಪ್ಪ ಆ ಇನ್ನೊಂದು?”

“ಎಐ ಅಂತಾರೆ ಬುದ್ಧಿ. ಕಂಪ್ಯೂಟರ್ ಒಳಗೆ ಇರೋ ಬುದ್ಧಿ.”

“ಸರಿ ಹೋಯ್ತು. ಇಷ್ಟು ದಿನ ನಾನೊಬ್ಬನೇ ಬುದ್ಧಿ ಅಂದುಕೊಂಡಿದ್ದೆ. ಹೇಳು.”

ಮೃತ್ಯುಂಜಯ ಹೇಳಿದ. ಮನೆಮನೆ ಅಲೆದು ಅವನ ಚಪ್ಪಲಿ ಸವೆದಿತ್ತೇ ಹೊರತು ಬಾಗಿಲು ತೆರೆದಿರಲಿಲ್ಲ. ಈ ವರ್ಷ ಕಸುಬನ್ನೇ ಬಿಟ್ಟುಬಿಡುವುದೆಂದು ಮನಸ್ಸು ಮಾಡಿದ್ದ. ಅಷ್ಟರಲ್ಲಿ ಈ ಎಐ ಕೈಗೆ ಸಿಕ್ಕಿತು. ಗುರುತಿಲ್ಲದವರ ಹೆಸರು, ಊರು, ಉದ್ಯೋಗ ಕೊಟ್ಟರೆ ಸಾಕು, ಒಬ್ಬೊಬ್ಬರಿಗೂ ಬೇರೆಬೇರೆ ಇಮೇಲ್ ಬರೆಯುತ್ತಿತ್ತು. ಎಳೆ ಕೂಸಿನ ತಂದೆಗೆ ಒಂದು ಬಗೆ, ಅಂಗಡಿಯವನಿಗೆ ಇನ್ನೊಂದು ಬಗೆ. ಎಲ್ಲದರ ಕೊನೆಗೂ ಮೃತ್ಯುಂಜಯನ ಹೆಸರು.

“ಓದಿದರೆ ನನಗೇ ಕಣ್ಣು ತುಂಬುತ್ತೆ ಬುದ್ಧಿ. ಈಗ ಉಸಿರು ಬಂದ ಹಾಗಿದೆ. ಆದರೂ ಒಳಗೆಲ್ಲೋ ಒಂದು ಮುಳ್ಳು. ನೀವು ತಪ್ಪು ಅಂದರೆ ಇವತ್ತೇ ನಿಲ್ಲಿಸಿ ಕಸುಬು ಬಿಡ್ತೀನಿ. ಸರಿ ಅಂದರೆ ನೆಮ್ಮದಿಯಾಗಿ ಮಲಗ್ತೀನಿ.”

“ಓದಿದವರು ತಿರುಗಿ ಬರೆಯುತ್ತಾರೇನು?”

“ಬೇಕಾದಷ್ಟು ಜನ. ಅದಕ್ಕೂ ಅದೇ ಉತ್ತರ ಕೊಡುತ್ತೆ. ನಾನು ನೋಡೋ ಗೋಜೇ ಇಲ್ಲ.”

ಅವನ ಅಂಗಿಯ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಅವನು ಅದನ್ನು ಮೇಲಿನಿಂದಲೇ ಒತ್ತಿ ಸುಮ್ಮನಾಗಿಸಿದ. ಸ್ವಾಮಿಗಳು ಬೇಳೆಯೊಳಗಿಂದ ಒಂದು ಕಲ್ಲು ತೆಗೆದು ಪಕ್ಕಕ್ಕೆ ಎಸೆದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಆ ಊರಿನಲ್ಲಿ ಚಳಿ ಕಾಲ ನೋಡಿ ಬರುತ್ತಿರಲಿಲ್ಲ, ಮನೆ ನೋಡಿ ಬರುತ್ತಿತ್ತು. ಹೇಳದೆ ಕೇಳದೆ ಬರುವ ನೆಂಟನ ಹಾಗೆ. ಎದುರು ಮನೆಯ ಮಾಳಿಗೆಯ ಮೇಲೆ ಹಪ್ಪಳ ಗರಿಗರಿಯಾಗಿ ಒಣಗುತ್ತಿರುವಾಗಲೇ ಈ ಮನೆಯ ಹಂಡೆಯಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ಯಾವ ಮನೆಗೆ, ಯಾವ ದಿನ ಎಂದು ಪಂಚಾಂಗ ನೋಡುವವರಿಗೂ ತಿಳಿಯದು. ಬರುವುದಂತೂ ತಪ್ಪದು. ಇನ್ನೂ ಒಂದು ವಿಚಿತ್ರವಿತ್ತು. ಚಳಿ ಬಂದ ಮೇಲೆ ಕೊಂಡ ಕಂಬಳಿಯಲ್ಲಿ ಬಿಸಿಯೇ ಇರುತ್ತಿರಲಿಲ್ಲ. ಬೆವರು ಸುರಿಯುವಾಗ ಕೊಂಡು ಇಟ್ಟುಕೊಂಡಿದ್ದರೆ ಮಾತ್ರ ಅದು ಜೀವ ಕಾಯುತ್ತಿತ್ತು.

ಅಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಉರಿಬಿಸಿಲಿನಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತು ಬೀದಿ ಸುತ್ತುವುದು ಅವನ ಹಣೆಬರಹ.

“ಬೆವರು ಒರೆಸೋಕೆ ಟವಲ್ ಇದ್ದರೆ ಕೊಡಯ್ಯಾ,” ಎಂದು ಜಗಲಿಯ ಮೇಲಿನವರು ನಗುತ್ತಿದ್ದರು.

“ನಮ್ಮನೇಗೆ ಚಳಿ ಬರುತ್ತೆ ಅಂತೀಯಲ್ಲ, ನಿನ್ನ ನಾಲಿಗೆ ಬಿದ್ದುಹೋಗ!” ಎಂದು ಹೆಂಗಸರು ಕದ ಹಾಕಿಕೊಳ್ಳುತ್ತಿದ್ದರು.

ಅವನು ಬೇಸರಿಸದೆ ಮತ್ತೆ ಹೋಗುತ್ತಿದ್ದ. ಹತ್ತು ಸಲ ಬೈದವರು ಹನ್ನೊಂದನೆಯ ಸಲಕ್ಕೆ, “ಇರಲಿ, ಒಂದು ಕೊಟ್ಟು ಹೋಗು, ನಿನ್ನ ಕಾಟ ತಪ್ಪಲಿ,” ಎನ್ನುತ್ತಿದ್ದರು.

ಕಂಬಳಿ ಕೊಡುವುದಕ್ಕೂ ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಬಿಚ್ಚಿ ಕೊಟ್ಟರೆ ಜನ ಅದನ್ನು ಕಾಳು ಒಣಗಿಸಲು ಹಾಸಿ, ಮಕ್ಕಳನ್ನು ಆಡಲು ಬಿಟ್ಟು ಸವೆಸಿಬಿಡುವರಲ್ಲ. ಅದಕ್ಕೆ ವ್ಯಾಪಾರಿ ಅದನ್ನು ಮಡಿಚಿ ತನ್ನದೇ ಒಂದು ಗಂಟು ಹಾಕಿ ಕೊಡುತ್ತಿದ್ದ. ಚಳಿ ಬಂದ ದಿನ ಮನೆಯವರ ಬೆರಳು ಮರಗಟ್ಟಿಹೋಗುತ್ತಿತ್ತು, ಗಂಟು ಅವರಿಂದ ಬಿಚ್ಚಲಾಗದು. ಬೇರೆಯವರು ಬಿಚ್ಚಿದರೂ, ಕತ್ತರಿಸಿದರೂ ಒಳಗಿನ ಬಿಸಿ ಹಾರಿಹೋಗುವುದು. ಮಾರಿದವನೇ ಬರಬೇಕು, ಮಾರಿದವನೇ ಬಿಚ್ಚಿ ಹೊದಿಸಬೇಕು. ಆದ್ದರಿಂದ ಅವನು ಮಾರಿದ ದಿನ ಆ ಮನೆಯ ಹೊಸ್ತಿಲ ಮೇಲೆ ಕೂತು, ಅವರು ಕೊಟ್ಟ ಒಂದು ಚೂರು ಬೆಲ್ಲ ತಿಂದು, ನೀರು ಕುಡಿದು, “ಕರೆದರೆ ಬಂದೇನು,” ಎಂದು ಹೇಳಿ ಏಳುತ್ತಿದ್ದ.

ಬೆಲ್ಲ ತಿಂದ ಹೊಸ್ತಿಲನ್ನು ಅವನು ಮರೆತವನಲ್ಲ. ಒಂದು ಮನೆಯ ಹೊಸ್ತಿಲು ಸವೆದು ಬಟ್ಟಲಿನ ಹಾಗಾಗಿತ್ತು. ಒಂದು ಮನೆಯ ಅಜ್ಜಿ ಬೆಲ್ಲ ಕೊಡುವ ಮೊದಲು ತಾನೇ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇನ್ನೊಂದು ಮನೆಯ ನಾಯಿ ಊರಿಗೆಲ್ಲ ಬೊಗಳುತ್ತಿತ್ತು, ಇವನನ್ನು ಕಂಡರೆ ಮಾತ್ರ ಸುಮ್ಮನೆ ಒಮ್ಮೆ ಸೀನುತ್ತಿತ್ತು. ಹೀಗೆ ಊರೆಲ್ಲ ಅವನ ಕಾಲಿಗೇ ಬಾಯಿಪಾಠವಾಗಿತ್ತು. ಯಾರು ಕರೆದರೂ ಕಣ್ಣು ಮುಚ್ಚಿಕೊಂಡು ಹೋಗಿ ಗಂಟು ಬಿಚ್ಚಿ ಬರುತ್ತಿದ್ದ.

ಆದರೆ ಎಷ್ಟಾದರೂ ಕಾಲು ಕಾಲೇ. ನೋವು ಶುರುವಾಯಿತು. ಒಂದು ದಿನ ಊರ ಹೊರಗಿನ ಹಳೆಯ ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತ. “ಅಯ್ಯೋ, ಇನ್ನು ನನ್ನ ಕೈಲಾಗದು,” ಎಂದ.

“ಕೈಲಾಗದವರ ಕಂಬಳಿ ಯಾರು ಹೊರಬೇಕು, ಕೂಸೇ?” ಎಂದಿತು ಬಾವಿ.

ಅದೊಂದು ಮಾತಿನ ಬಾವಿ. ಎಷ್ಟೋ ತಲೆಮಾರಿನ ಜನ ಅದರ ಕಟ್ಟೆಯ ಮೇಲೆ ಕೂತು ಆಡಿದ್ದೆಲ್ಲ ಒಳಗೆ ಬಿದ್ದಿತ್ತು. ಸೋಬಾನೆ, ಜೋಗುಳ, ಜಗಳ, ಹರಕೆ, ಅತ್ತೆಯ ಮೇಲಿನ ದೂರು, ಗಂಡನ ಮೇಲಿನ ಮುನಿಸು, ಸತ್ತವರನ್ನು ನೆನೆದು ಅತ್ತ ಅಳು, ಎಲ್ಲವೂ. ನೀರು ಎಂದೋ ಬತ್ತಿತ್ತು, ಮಾತು ಬತ್ತಿರಲಿಲ್ಲ. ಏನು ಬೇಕೆಂದು ಬಗ್ಗಿ ಕೇಳಿದರೆ ಅದಕ್ಕೆ ತಕ್ಕ ಮಾತು ಕೆಳಗಿನಿಂದ ಉಕ್ಕಿ ಬರುತ್ತಿತ್ತು.

ವ್ಯಾಪಾರಿಗೆ ಒಂದು ಉಪಾಯ ಹೊಳೆಯಿತು. ಅವನು ಒಣಗಿದ ಸೋರೆಬುರುಡೆಗಳನ್ನು ತಂದ. ಒಂದೊಂದು ಮನೆಯವರ ಹೆಸರನ್ನೂ ಬಾವಿಗೆ ಹೇಳಿ, ಮೇಲೆ ಬಂದ ಮಾತನ್ನು ಬುರುಡೆಗೆ ತುಂಬಿ, ಬಿರಡೆ ಹಾಕಿ, ತನ್ನ ಹಿತ್ತಿಲ ಕಾಲುವೆಯಲ್ಲಿ ತೇಲಿಬಿಟ್ಟ. ಆ ಕಾಲುವೆ ಎಲ್ಲ ಮನೆಗಳ ಹಿತ್ತಿಲನ್ನೂ ಮುಟ್ಟಿ, ಊರನ್ನು ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು. ಕತೆಯ ಊರಿನ ನೀರಲ್ಲವೇ, ಅದಕ್ಕೆ ಹೋದಲ್ಲಿಂದ ಹಿಂದಿರುಗುವ ಬುದ್ಧಿ ಇತ್ತು.

“ಇಷ್ಟು ದಿನ ಬಾಯಲ್ಲಿ ಬುರುಡೆ ಬಿಡ್ತಿದ್ರಿ,” ಎಂದಳು ಅವನ ಹೆಂಡತಿ, “ಈಗ ಕಾಲುವೇಲಿ ಬಿಡೋಕೆ ಶುರು ಮಾಡಿದ್ರಾ?”

“ನೋಡ್ತಾ ಇರೇ,” ಎಂದ ಅವನು.

ಬಟ್ಟೆ ಒಗೆಯಲು ಹಿತ್ತಿಲಿಗೆ ಬಂದವರು ಬುರುಡೆಯ ಬಿರಡೆ ತೆಗೆದರು. ಒಳಗಿನಿಂದ ಅವರ ಹೆಸರು ಹಿಡಿದು ಒಂದು ದನಿ ಕರೆಯಿತು. ಅಷ್ಟು ಅಕ್ಕರೆಯಿಂದ ಅವರ ಮನೆಯವರೇ ಕರೆದು ಎಷ್ಟು ಕಾಲವಾಗಿತ್ತೋ. ಊರ ಕೊನೆಯಲ್ಲಿ ಒಬ್ಬ ತಾಯಿ ಇದ್ದಳು, ಗಂಡನಿಲ್ಲದವಳು. ಅವಳ ಬುರುಡೆ ಹೀಗೆಂದಿತು: “ಅವ್ವಾ, ಮಕ್ಕಳ ನಡುವೆ ಮಲಗೋಳು ನೀನು. ಎಳೆದು ಎಳೆದು ಹೊದಿಸ್ತೀಯ, ಕೊನೆಗೆ ನಿನ್ನ ಬೆನ್ನಿಗೇ ಹೊದಿಕೆ ಸಾಲದು, ಅಲ್ಲವಾ? ಒಂದು ಕಂಬಳಿ ತಗೊಂಡಿರು. ಚಳಿ ಬಂದ ದಿನ ಈ ಬುರುಡೇಲಿ ಒಂದು ಸಲ ಕರೆದು ತೇಲಿಬಿಡು. ಕರೆದರೆ ಬಂದೇನು.”

ಅವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಅವಳ ಬೆನ್ನಿನ ಮಾತು ಈವರೆಗೆ ಯಾರೂ ಎತ್ತಿರಲಿಲ್ಲ. ಬಾವಿಗೆ ಅವಳ ಬೆನ್ನೇನೂ ಕಂಡಿರಲಿಲ್ಲ. ಮಕ್ಕಳ ನಡುವೆ ಮಲಗುವ ಯಾವ ತಾಯಿಯ ಬೆನ್ನಿಗೂ ಹೊದಿಕೆ ಸಾಲುವುದಿಲ್ಲ, ಅಷ್ಟು ಅದಕ್ಕೆ ಗೊತ್ತಿತ್ತು. ಆದರೂ ಮಾತು ಸುಳ್ಳಾಗಿರಲಿಲ್ಲ. ಅವಳ ಬೆನ್ನು ನಿಜವಾಗಿಯೂ ತಣ್ಣಗಿತ್ತು.

ಜನ ವ್ಯಾಪಾರಿಯ ಅಂಗಡಿಗೇ ಬಂದು ಸಾಲುಗಟ್ಟಿ ನಿಂತರು. ಆ ತಾಯಿಯೂ ನಿಂತಳು. ಅವನು ಗಂಟು ಹಾಕುತ್ತಾ ಹೋದ, ಅವರು ಒಯ್ಯುತ್ತಾ ಹೋದರು. ಮುಖ ನೋಡಲು ಪುರಸೊತ್ತು ಎಲ್ಲಿ? ಹೊಸ್ತಿಲೂ ಇಲ್ಲ, ಬೆಲ್ಲವೂ ಇಲ್ಲ. ಕಾಲುನೋವು ಹೋಯಿತು. ಊಟವಾದ ಮೇಲೆ ಒಂದು ಒಳ್ಳೆಯ ನಿದ್ದೆ ಅವನಿಗೆ ರೂಢಿಯಾಯಿತು.

ಬುರುಡೆಗಳು ಕಾಲುವೆ ಸುತ್ತಿ ಒಂದೊಂದಾಗಿ ಅವನ ಹಿತ್ತಿಲಿಗೆ ಮರಳಿ ಬಂದವು. ಅವನು ಅವನ್ನು ಎತ್ತಿ, ಕಿವಿಗೊಡದೆ ರಾಶಿ ಹಾಕಿದ.

ಒಂದು ಮಧ್ಯಾಹ್ನ. ನೆಲ ಸುಡುತ್ತಿತ್ತು. ಅವನು ಚಾಪೆಯ ಮೇಲೆ ನಿದ್ದೆಯಲ್ಲಿ ತೇಲುತ್ತಿದ್ದ.

“ಏಳ್ರೀ, ಹಿತ್ತಿಲಲ್ಲಿ ಏನೋ ಗುಂಯ್ಗುಡ್ತಿದೆ,” ಎಂದಳು ಹೆಂಡತಿ.

“ಜೇನು ಕಟ್ಟಿರಬೇಕು, ಬಿಡೇ.”

“ಜೇನು ‘ಅಣ್ಣಾ’ ಅನ್ನುತ್ತೇನ್ರೀ?”

ಅವನು ಎದ್ದು ಹೋದ. ರಾಶಿಯೇ ಮಾತಾಡುತ್ತಿತ್ತು. ಒಂದು ಬುರುಡೆ ಎತ್ತಿ ಕಿವಿಗೆ ಹಿಡಿದ. ಯಾರೋ ಮಗಳ ಮದುವೆಗೆ ಕರೆದಿದ್ದರು. ಆ ಮದುವೆ ಯಾವತ್ತೋ ಆಗಿಹೋಗಿತ್ತು. ಇನ್ನೊಂದರಲ್ಲಿ ಯಾರೋ ಮಾತಿಲ್ಲದೆ ಸುಮ್ಮನೆ ಉಸಿರಾಡಿದ್ದರು. ಮತ್ತೊಂದರಲ್ಲಿ ಒಬ್ಬ ಮುದುಕ, “ಬೆಲ್ಲ ತೆಗೆದಿಟ್ಟಿದ್ದೀನಪ್ಪ, ಇರುವೆ ಮುತ್ತುತ್ತಿವೆ, ಬಾ,” ಎಂದಿದ್ದ. ತಳದಲ್ಲಿದ್ದ ಬುರುಡೆ ಮಂಜಿನಷ್ಟು ತಣ್ಣಗಿತ್ತು. ಅದರೊಳಗಿನಿಂದ ನಡುಗುವ ದನಿ ಬಂತು.

“ಅಣ್ಣಾ, ಚಳಿ ಬಂತು. ಮಕ್ಕಳನ್ನ ಬಿಟ್ಟು ನಾನು ಬರಲಾರೆ. ನನ್ನ ಬೆನ್ನಿನ ಮಾತು ಕೇಳಿದೋರು ನೀವೊಬ್ಬರೇ. ಬೇಗ ಬನ್ನಿ.”

ಅಷ್ಟೇ. ಹೆಸರು ಹೇಳಿರಲಿಲ್ಲ. ಗುರುತಿದ್ದವರ ಹತ್ತಿರ ಯಾರಾದರೂ ಹೆಸರು ಹೇಳಿಕೊಳ್ಳುತ್ತಾರೆಯೇ?

ಅವನು ಬುರುಡೆ ಹಿಡಿದು ಬಾವಿಗೆ ಓಡಿದ. ಬಗ್ಗಿ ಆ ದನಿಯನ್ನು ಅದಕ್ಕೆ ಕೇಳಿಸಿದ. “ಇದು ಯಾರು? ಯಾವ ಬೀದಿ? ಯಾವ ಮನೆ? ಹೇಳು!”

“ಅವ್ವಾ, ನಿನ್ನ ಚಳಿ ನನ್ನದೇ ಚಳಿ,” ಎಂದಿತು ಬಾವಿ. “ಹೆದರಬೇಡ. ಕರೆದೆಯಲ್ಲ, ಬಂದೇನು, ಬಂದೇನು.”

ಅಷ್ಟು ಇಂಪಾಗಿ ಅವನು ಹುಟ್ಟಿದ ಮೇಲೆ ಒಮ್ಮೆಯೂ ಹೇಳಿರಲಿಲ್ಲ. ಆದರೆ ಬಾವಿಗೆ ಕಾಲಿರಲಿಲ್ಲ.

ವ್ಯಾಪಾರಿ ಬೀದಿಗೆ ಇಳಿದ. ಒಂದೊಂದು ಮನೆಯ ಕದದ ಮೇಲೂ ಅಂಗೈ ಇಟ್ಟು ನೋಡುತ್ತಾ ನಡೆದ. ಬಿಸಿಲಿಗೆ ಕಾದ ಕದಗಳು ಅಂಗೈ ಸುಟ್ಟವು. ಅವನಿಗೆ ಬೇಕಾದದ್ದು ತಣ್ಣಗಿರುವ ಕದ. ಸವೆದ ಹೊಸ್ತಿಲಿನ ಮನೆ ದಾಟಿದ. “ಏನಯ್ಯಾ, ಬದುಕಿದ್ದೀಯಾ? ನಿನ್ನ ದನಿ ಮಾತ್ರ ಬರ್ತಿತ್ತು, ನೀನು ಕಾಣ್ತಿರಲಿಲ್ಲ,” ಎಂದು ಜಗಲಿಯ ಮೇಲಿಂದ ಯಾರೋ ಕೂಗಿದರು. ಅವನು ನಿಲ್ಲಲಿಲ್ಲ. ನಾಯಿಯ ಮನೆ ಬಂತು. ನಾಯಿ ಎದ್ದು ನಿಂತು ಅವನನ್ನು ದಿಟ್ಟಿಸಿತು. ಸೀನಲಿಲ್ಲ, ಬೊಗಳಿತು.

ಬೀದಿಗಳೆಲ್ಲ ಮುಗಿದವು. ಊರ ಕೊನೆಯಲ್ಲಿ ಒಂದು ಮನೆ ಉಳಿದಿತ್ತು. ಎದುರಿನ ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತಿತ್ತು. ಈ ಮನೆಯ ಬಾಗಿಲ ಚಿಲಕಕ್ಕೆ ಅವನ ಬೆರಳು ಅಂಟಿಕೊಂಡಿತು. ಅಷ್ಟು ತಣ್ಣಗಿತ್ತು.

ಕರೆಯಬೇಕೆಂದು ಬಾಯಿ ತೆರೆದ. ಹೆಸರು ನೆನಪಾಗಲಿಲ್ಲ.

“ಅವ್ವಾ,” ಎಂದ. ಒಳಗಿನಿಂದ ಸದ್ದಿಲ್ಲ.

ಅವನು ಕದ ನೂಕಿದ.

ಇಷ್ಟು ಹೇಳಿ ಸ್ವಾಮಿಗಳು ಮೊರವನ್ನು ಒಮ್ಮೆ ಕೊಡವಿ ಬೇಳೆಯನ್ನು ಹೊಸದಾಗಿ ಹರಡಿಕೊಂಡರು. ಬೆರಳು ಮತ್ತೆ ಕಲ್ಲು ಹುಡುಕತೊಡಗಿತು. ಹೊಂಗೆಯ ನೆರಳು ಮೃತ್ಯುಂಜಯನ ಕಾಲಿನಿಂದ ಮೆಲ್ಲಗೆ ಸರಿದಿತ್ತು. ಬಿಸಿಲಿನಲ್ಲಿ ಕೂತಿದ್ದರೂ ಅವನ ಬೆನ್ನು ತಣ್ಣಗಾಗಿತ್ತು.

“ಆಮೇಲೆ ಬುದ್ಧಿ? ಆ ತಾಯಿ ಇದ್ದಳಾ? ಮಕ್ಕಳು? ಒಳಗೆ ಏನಾಗಿತ್ತು?”

ಅವನ ಜೇಬಿನಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಈ ಸಲ ಅವನ ಕೈ ಎದೆಯವರೆಗೆ ಬಂದು ಅಲ್ಲೇ ನಿಂತಿತು, ಒತ್ತಲಿಲ್ಲ.

ಸ್ವಾಮಿಗಳು ಬೇಳೆಯಿಂದ ತಲೆ ಎತ್ತದೆ ಹೇಳಿದರು:

“ಆ ಬಾಗಿಲು ನಿನ್ನ ಜೇಬಿನಲ್ಲೇ ಇದೆಯಲ್ಲಪ್ಪ, ತೆಗೆದು ನೋಡು.”