ಕೆಂದನ ಹೊಟ್ಟೆಯ ಗುಟ್ಟು

ನೀಲವ್ವನ ಮನೆಯ ನಾಯಿ ಕೆಂದನಿಗೆ ಅದರ ಹೊಟ್ಟೆಯೊಳಗಿನ ಜಂತುಹುಳು ಹೇಳಿತು: "ಬಾಯಿ ಬಿಡಬೇಡ. ನಾನಿರುವುದು ತಿಳಿದರೆ ನಿನ್ನನ್ನು ಮನೆಯಿಂದ ಅಟ್ಟುತ್ತಾರೆ."

ಕೆಂದ ಹೆದರಿ ಸುಮ್ಮನಾಯಿತು. ತಿಂದದ್ದು ಮೈಗೆ ಹತ್ತದೆ ಪಕ್ಕೆಲುಬು ಎದ್ದು ಕಂಡರೂ ಸುಮ್ಮನೇ ಇತ್ತು.

ಒಂದು ದಿನ ಹುಳು ಹಿಗ್ಗಿನಿಂದ ಅಂದಿತು: "ನನ್ನ ಮೊಟ್ಟೆಗಳು ಅಂಗಳದ ಮಣ್ಣಿಗೆ ಬಿದ್ದಿವೆ. ನೀಲವ್ವನ ಮಗು ಅದೇ ಮಣ್ಣಲ್ಲಿ ಆಡಿ ಬೆರಳು ಚೀಪುತ್ತದೆ. ಇನ್ನು ನನ್ನ ಮಕ್ಕಳಿಗೂ ಒಂದು ಹೊಟ್ಟೆ ಸಿಕ್ಕಂತಾಯಿತು!"

ಕೆಂದ ದಡಕ್ಕನೆ ಎದ್ದಿತು. ಅಂಗಳಕ್ಕೆ ಹೊರಟ ಮಗುವಿಗೆ ಅಡ್ಡ ನಿಂತು, ನೀಲವ್ವನ ಕಣ್ಣೆದುರೇ ಅಂಡನ್ನು ನೆಲಕ್ಕೆ ಉಜ್ಜತೊಡಗಿತು.

"ಅಯ್ಯ, ಹೊಟ್ಟ್ಯಾಗ ಜಂತು ಆಗ್ಯಾವೇನೋ ಕೆಂದಾ? ಮೊದಲ ಹೇಳಬಾರದಿತ್ತೇನು!" ಎಂದಳು ನೀಲವ್ವ. ಮಗುವಿನ ಕೈಗೆ ಸೋಪು ಹಚ್ಚಿ ತೊಳೆದಳು. ದನದ ಡಾಕ್ಟರು ಕೊಟ್ಟ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಕೆಂದನ ಬಾಯಿಗಿಟ್ಟಳು. ಅಟ್ಟುವ ಮಾತೇ ಬರಲಿಲ್ಲ.

ಹೊರಬೀಳುತ್ತಾ ಹುಳು ಶಪಿಸಿತು: "ಒಂದೇ ತುತ್ತನ್ನು ಹಂಚಿ ಉಂಡವರು ನಾವು. ದ್ರೋಹಿ!"

ಕೆಂದ ಉಳಿದ ರೊಟ್ಟಿಯತ್ತ ತಿರುಗುತ್ತಾ ಹೇಳಿತು: "ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಉಂಡ ಮನೆಗೆ ಜಂತು ಹಂಚಲೂಬಾರದು."